ರೆಡ್ ವೈನ್ ಬಾಯಿ ಒಣಗಿಸ್ತಿದೆ, ಜೊತೆಗೆ ಏನು ತಿನ್ನೋದು?

ಬೆಣ್ಣೆನಗರಿ (ದಾವಣಗೆರೆ):
ಸಾವಿರ ರೂಪಾಯಿ ಒಳಗಿಂದು, ನಮ್ಮ ರಾಜ್ಯದ್ದೇ ಕ್ಯಾಬರ್ನೆ ಶಿರಾಜ್ (ಆ ಹೆಸರಿನ ಎರಡು ಜಾತಿ ದ್ರಾಕ್ಷಿ ಸೇರಿಸಿ ಮಾಡಿದ ರೆಡ್ ವೈನ್) ಒಂದು ಬಾಟಲಿ ತಂದೆ. ಇಲ್ಲಿವರೆಗೆ ಕುಡಿದಿದ್ದು ಸಿಹಿ ಪೋರ್ಟ್ ವೈನ್ ಮಾತ್ರ. ಇದು ಒಂದೇ ಗುಟುಕಿಗೆ ನಾಲಿಗೆ, ವಸಡು ಎಲ್ಲ ಹಿಡಿದಂಗೆ ಮಾಡ್ತು. ಜೊತೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇತ್ತು, ಖಾರ ನೆತ್ತಿಗೇರಿತು. ವೈನ್ ಕೆಟ್ಟಿದೆಯಾ? ಮುಕ್ಕಾಲು ಬಾಟಲಿ ಹಾಗೇ ಇದೆ. ನಾಳಿದ್ದು ಭಾನುವಾರ ಭಾವ ಊಟಕ್ಕೆ ಬರ್ತಾರೆ.

ತೋಟದಮನೆ (ಚನ್ನಗಿರಿ):
ಕೆಟ್ಟಿಲ್ಲ ರೀ, ಚೆಲ್ಲಬೇಡಿ. ಕೆಟ್ಟಿದ್ರೆ ವಿನೆಗರ್ ವಾಸನೆಯೋ ಒದ್ದೆ ರಟ್ಟಿನ ವಾಸನೆಯೋ ಬರುತ್ತೆ. ನೀವು ಹೇಳ್ತಿರೋದು ಒಗರು. ಅಡಿಕೆ ಬೇಯಿಸಿದ ಚೊಗರು ನೋಡಿದ್ದೀರಲ್ಲ, ಕೈಗೆ ಹತ್ತಿದ್ರೆ ದಿನಗಟ್ಟಲೆ ಬಿಡಲ್ಲ. ಅದರಲ್ಲಿರೋ ಟ್ಯಾನಿನ್ ಅನ್ನೋ ಒಗರು ಪದಾರ್ಥದ ಜಾತಿಯದ್ದೇ ದ್ರಾಕ್ಷಿ ಸಿಪ್ಪೆ, ಬೀಜದಲ್ಲೂ ಇರೋದು. ರೆಡ್ ವೈನ್‌ಗೆ ರಸವನ್ನ ಸಿಪ್ಪೆ ಸಮೇತ ಹುದುಗು ಬರಿಸ್ತಾರೆ, ಅದಕ್ಕೇ ಒಗರು. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುವಿಕೆ ತೆಗೆದುಬಿಡುತ್ತೆ. ಊಟದಲ್ಲಿ ಮಾಂಸ, ಕೊಬ್ಬು, ಉಪ್ಪು ಇದ್ರೆ ಒಗರು ತಾನಾಗೇ ಇಳಿಯುತ್ತೆ.

ಬಜ್ಜಿ ಜೊತೆ ಮಾತ್ರ ಬೇಡವೇ ಬೇಡ. ಆಲ್ಕೋಹಾಲ್ ಮೆಣಸಿನಕಾಯಿ ಉರಿಯನ್ನ ಇನ್ನೂ ಏರಿಸುತ್ತೆ.

ಭಾನುವಾರ ಕೊಬ್ಬಿರೋ ಕುರಿ ಮಾಂಸ ತನ್ನಿ. ಬೆಳ್ಳುಳ್ಳಿ, ಉಪ್ಪು ಹಾಕಿ ಬೇಯಿಸಿ, ನೀರು ಇಂಗಿಸಿ, ಕೊನೆಗೆ ಆಗಷ್ಟೇ ಕುಟ್ಟಿದ ಕಾಳುಮೆಣಸು ಹಾಕಿ ತುಪ್ಪದಲ್ಲಿ ಹುರೀರಿ. ಖಾರದಪುಡಿ ಬೇಡ. ಕಾಳುಮೆಣಸೇ ಯಾಕೆ ಅಂದ್ರೆ, ಶಿರಾಜ್‌ನಲ್ಲಿ ಬರೋ ಮೆಣಸಿನ ಘಮಕ್ಕೂ ಕಾಳುಮೆಣಸಿನ ಘಮಕ್ಕೂ ಕಾರಣ ಒಂದೇ ವಸ್ತು, ರೋಟಂಡೋನ್. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪತ್ತೆ ಮಾಡಿದ್ದು. ಒಂದು ತುಂಡು ಅಗೆದು ನುಂಗಿ, ಆಮೇಲೆ ಗುಟುಕು ತಗೊಳ್ಳಿ. ನನಗಂತೂ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ.

ಕೋಟೆಊರು (ಚಿತ್ರದುರ್ಗ):
ನಮ್ಮಂಥ ಸಸ್ಯಾಹಾರಿಗಳಿಗೆ ಜೋಳದ ರೊಟ್ಟಿ, ಶೇಂಗಾ ಎಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ. ಖಾರ ಅರ್ಧಕ್ಕಿಳಿಸಿ, ಶೇಂಗಾ ಧಾರಾಳ ಹಾಕಿ. ಬೆಣ್ಣೆ ದೋಸೆ ಮಾತ್ರ ಬೇಡ, ಹಸಿಮೆಣಸಿನ ಚಟ್ನಿ ಎಲ್ಲ ಹಾಳು ಮಾಡುತ್ತೆ. ಒಂದು ಅನುಮಾನ: ರೆಡ್ ವೈನ್ ಫ್ರಿಜ್‌ನಲ್ಲಿ ಇಡಬಾರದು, ರೂಮ್ ಟೆಂಪರೇಚರ್‌ನಲ್ಲೇ ಕುಡೀಬೇಕು ಅಂತಾರಲ್ಲ?

ತೋಟದಮನೆ (ಚನ್ನಗಿರಿ):
ಅದು ಚಳಿ ದೇಶದ ಮನೆಗಳಿಗೆ ಹೇಳಿದ ಮಾತು. ಬೇಕಾಗಿರೋದು 16-18 ಡಿಗ್ರಿ. ನಮ್ಮ ಕಡೆ ಬೇಸಿಗೇಲಿ ಮನೆ ಒಳಗೇ 30 ದಾಟಿರುತ್ತೆ, ಆ ಬಿಸಿಗೆ ಸ್ಪಿರಿಟ್ ವಾಸನೆ ಮೂಗಿಗೆ ಹೊಡೆದು ಹಣ್ಣಿನ ಘಮ ಮುಚ್ಚಿಹೋಗುತ್ತೆ. ಹೊಸ ಬಾಟಲಿ ಆದ್ರೆ ಅರ್ಧ ಗಂಟೆ ಫ್ರಿಜ್‌ಗಿಡಿ. ತೆರೆದಿದ್ದನ್ನ ಬಿರಡೆ ಬಿಗಿದು ಫ್ರಿಜ್‌ನಲ್ಲೇ ಇಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ, ಕುಡಿಯೋಕೆ ಸ್ವಲ್ಪ ಹೊತ್ತು ಮುಂಚೆ ಹೊರಗೆ ತೆಗೀರಿ. ಕೊರೆಯೋ ತಣ್ಣಗಿದ್ರೆ ಒಗರು ಇನ್ನೂ ಎದ್ದು ಕಾಣುತ್ತೆ.

ಬೆಣ್ಣೆನಗರಿ (ದಾವಣಗೆರೆ):
ಭಾನುವಾರ ನೀವು ಹೇಳಿದಂಗೇ ಮಾಡಿದ್ವಿ. ಮಾಂಸದ ಜೊತೆ ಅದೇ ವೈನ್ ಮೆತ್ತಗಾಗಿತ್ತು, ನೇರಳೆಹಣ್ಣಿನ ವಾಸನೆ ಆವತ್ತೇ ನನಗೆ ಗೊತ್ತಾಗಿದ್ದು. ಕೋಟೆಊರಿನವರೇ, ಬೆಳಿಗ್ಗೆ ತಂದಿದ್ದ ಬೆಣ್ಣೆ ದೋಸೆ ಒಂದು ಉಳಿದಿತ್ತು. ಭಾವ ಚಟ್ನಿ ಮುಟ್ಟದೆ ಬರೀ ಆಲೂಗಡ್ಡೆ ಪಲ್ಯ, ಬೆಣ್ಣೆ ಜೊತೆ ನೋಡಿದ್ರು. ಚೆನ್ನಾಗೇ ಹೊಂದ್ತು. ನೀವೂ ಒಮ್ಮೆ ನೋಡಿ.