ಅರ್ಧ ಹೋಳಿಗೆ ತಿಂದ ರಾತ್ರಿ ಡಬ್ಬವೇ ಖಾಲಿ ಆಗೋದು ಯಾಕೆ?

ಪ್ರಶ್ನೆ (ಆಹಾರತಜ್ಞೆ): ತೂಕ ಇಳಿಸಲು ಬರುವ ಕೆಲವು ಹೆಂಗಸರು ಚಾರ್ಟನ್ನು ಗ್ರಾಂ ಲೆಕ್ಕದಲ್ಲಿ ಪಾಲಿಸುತ್ತಾರೆ. ಹಬ್ಬಕ್ಕೆ ಅರ್ಧ ಹೋಳಿಗೆ ಬಾಯಿಗೆ ಬಿತ್ತೋ, ಆ ರಾತ್ರಿ ಡಬ್ಬ ಪೂರ್ತಿ ಖಾಲಿ, ಮರುದಿನ ಉಪವಾಸ. ಚಾರ್ಟ್ ಇನ್ನಷ್ಟು ಬಿಗಿ ಮಾಡಲೇ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ದಯವಿಟ್ಟು ಬೇಡ. ಆ ಬಿಗಿಯೇ ತೊಂದರೆಯ ಬೇರು. ‘ಪೂರ್ತಿ ಪಾಲಿಸಿದರೆ ಒಳ್ಳೆಯವಳು, ಚೂರು ತಪ್ಪಿದರೆ ಎಲ್ಲ ಕೆಟ್ಟಿತು’ ಅನ್ನೋ ಲೆಕ್ಕ ಇದ್ದವರಿಗೆ ಅರ್ಧ ಹೋಳಿಗೆಯೂ ಒಂದೇ, ಹತ್ತೂ ಒಂದೇ. ‘ಹೇಗೂ ಕೆಟ್ಟಿದೆ, ಸೋಮವಾರದಿಂದ ಶುರು’ ಅಂತ ತಿಂದುಬಿಡುತ್ತಾರೆ. ಉಪವಾಸದ ಹಸಿವು ಮುಂದಿನ ಸುತ್ತಿಗೆ ದಾರಿ ಮಾಡುತ್ತದೆ. ಇದನ್ನು ಮನೋಬಲದ ಕೊರತೆ ಅಂದರೆ ಅವರಿಗೆ ಅನ್ಯಾಯ. ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಮತ್ತು ಸಂಗಡಿಗರು 2003ರಲ್ಲೇ ಇಂಥ ಅತಿ ಪರಿಪೂರ್ಣತೆಯ ಹಟವನ್ನು, ತಿನ್ನುವುದಕ್ಕೆ ಸಂಬಂಧಿಸಿದ ಮನೋಕಾಯಿಲೆಗಳನ್ನು (ಈಟಿಂಗ್ ಡಿಸಾರ್ಡರ್) ಜೀವಂತ ಇಡುವ ಕಾರಣಗಳಲ್ಲಿ ಸೇರಿಸಿದರು.

ಕೈಮೀರಿ ತಿನ್ನುವುದು ವಾರಕ್ಕೊಮ್ಮೆಯಂತೆ 3 ತಿಂಗಳು ನಡೆದಿದ್ದರೆ ಬಿಂಜ್ ಈಟಿಂಗ್ ಅನ್ನೋ ಕಾಯಿಲೆ ಇರಬಹುದು. ಅಷ್ಟೇ ಸಲ ಉಪವಾಸವೋ ವಾಂತಿಯೋ ಜೊತೆಗಿದ್ದರೆ ಬುಲಿಮಿಯಾ ಅಂತ ಯೋಚಿಸಬೇಕು. ದಪ್ಪಗಿರುವವರಿಗೆ ಬುಲಿಮಿಯಾ ಬರಲ್ಲ ಅನ್ನೋದು ತಪ್ಪು.

ಮೊದಲ ಕೆಲಸ ಹೊತ್ತುಹೊತ್ತಿಗೆ ತಿನ್ನಿಸುವುದು: 3 ಊಟ, 2–3 ಸಲ ಲಘು ತಿಂಡಿ, ನಡುವೆ 4 ಗಂಟೆ ಮೀರದಂತೆ. ರಾತ್ರಿ ಎಷ್ಟೇ ತಿಂದಿರಲಿ, ಬೆಳಗಿನ ತಿಂಡಿ ಬಿಡಬಾರದು. ಇದೇ ಅವರಿಗೆ ಅತಿ ಕಷ್ಟ, ಅಲ್ಲೇ ಜೊತೆಗಿರಿ. ತೂಕ ವಾರಕ್ಕೊಂದೇ ಸಲ, ನೋಡುವುದು ನಾಲ್ಕು ವಾರದ ಗತಿಯನ್ನು.

ಪ್ರಶ್ನೆ: ತಿಂದದ್ದರ ಡೈರಿ ಬರೆಸುತ್ತೇನೆ. ಆದರೂ ಸುಧಾರಣೆ ಇಲ್ಲ.

ಉತ್ತರ: ಡೈರಿಯ ಪುಟ ನೋಡಿ. ಅಕ್ಷರ ಮುತ್ತಿನಂತಿದ್ದು, ಒಂದೂ ಕಾಟು ಇಲ್ಲದಿದ್ದರೆ ರಾತ್ರಿ ಕೂತು ನಕಲು ಮಾಡಿರಬಹುದು; ಡೈರಿಯೂ ಪರೀಕ್ಷೆಯಾಗಿದೆ. ತಿಂದ ತಕ್ಷಣ ಗೀಚಲಿ: ಗಂಟೆ, ಏನು, ಎಲ್ಲಿ, ಆಗ ಮನಸ್ಸಲ್ಲೇನಿತ್ತು. ಕ್ಯಾಲೊರಿ ಬೇಡ.

ಹೊತ್ತಿನ ಊಟ ಕೆಲವು ವಾರ ಕೂತಮೇಲೆ, ಬೇಕಂತಲೇ ನಿಯಮ ಮುರಿಸಿ. ಮಧ್ಯಾಹ್ನ ಊಟದ ಜೊತೆ, ಯಾರಾದರೂ ಎದುರಿಗಿದ್ದಾಗ, ಒಂದು ಹೋಳಿಗೆ. ‘ಕೈಮೀರುತ್ತದೆ’ ಅನ್ನೋ ನಂಬಿಕೆ 100ಕ್ಕೆ ಎಷ್ಟು ಅಂತ ಮೊದಲೇ ಬರೆಸಿ, ರಾತ್ರಿ ಮತ್ತೆ ಬರೆಸಿ. ಹಸಿದ ಹೊಟ್ಟೆಯಲ್ಲೋ ಒಬ್ಬರೇ ಇದ್ದಾಗಲೋ ಮಾಡಿದರೆ ಪ್ರಯೋಗ ಕೆಡುತ್ತದೆ.

ಪ್ರಶ್ನೆ: ವೈದ್ಯರ ಬಳಿ ಯಾವಾಗ ಕಳಿಸಲಿ?

ಉತ್ತರ: ವಾಂತಿ, ಭೇದಿ ಮಾಡಿಸುವ ಮಾತ್ರೆ, ತಲೆಸುತ್ತು, ಎದೆಬಡಿತ ಏರುಪೇರು ಇದ್ದರೆ ಅಂದೇ. ವಾಂತಿ, ಭೇದಿಯಿಂದ ರಕ್ತದ ಪೊಟ್ಯಾಸಿಯಂ ಇಳಿದರೆ ಹೃದಯಕ್ಕೆ ಅಪಾಯ. ಸಕ್ಕರೆ ಕಾಯಿಲೆಯವರು ತೂಕ ಇಳಿಸಲು ಇನ್ಸುಲಿನ್ ತಪ್ಪಿಸುತ್ತಿದ್ದರೂ ಕಾಯಬೇಡಿ. ತೂಕ ಸರಸರ ಇಳಿದು ಮುಟ್ಟು ನಿಂತರೆ, ದೇಹ ಇನ್ನೂ ದಪ್ಪವೇ ಇದ್ದರೂ, ಶಹಬ್ಬಾಸ್ ಅನ್ನಬೇಡಿ, ತಪಾಸಣೆಗೆ ಕಳಿಸಿ. ಮನಸ್ಸಿನ ಮಾತಿಗೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ಕನ್ನಡದಲ್ಲೂ ಸಿಗುತ್ತದೆ.