ಹಳೇ ರೇಷ್ಮೆ ಸೀರೆ ಮಾರಿಕೊಡುವ ಅಂಗಡಿ: ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ, ಏನು ಮಾಡಲಿ?

ಸೆರಗು_ಮೈಸೂರು:
ಎಲ್ಲರಿಗೂ ನಮಸ್ಕಾರ. ಕುವೆಂಪುನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟು ಹತ್ತು ತಿಂಗಳಾಯಿತು. ನಾನು ಸೀರೆ ಕೊಂಡು ಮಾರುವುದಿಲ್ಲ. ಬೀರುವಿನಲ್ಲಿ ಸುಮ್ನೆ ಇಟ್ಟ ರೇಷ್ಮೆ ಸೀರೆಗಳನ್ನು ಜನ ತಂದುಕೊಡುತ್ತಾರೆ. ಮಾರಿದರೆ ನೂರಕ್ಕೆ ಮೂವತ್ತು ನನಗೆ, ಉಳಿದದ್ದು ಅವರಿಗೆ. ಈಗ 140 ಸೀರೆ ಇವೆ.

ಮೊದಲು ಪರಿಚಯದವರೆಲ್ಲ ಬಂದರು. ಆಮೇಲೆ ಕಡಿಮೆಯಾಯಿತು. ಆಷಾಢದಲ್ಲಿ ಹೋಗಿದ್ದು ಒಂಬತ್ತೇ ಸೀರೆ. ಬಂದವರು ಸೀರೆ ಬಿಡಿಸುತ್ತಾರೆ, ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತಾರೆ. ಆಮೇಲೆ "ಇದು ಯಾರು ಉಟ್ಟಿದ್ದು?" ಅಂತಾರೆ. ನನಗೆ ಉತ್ತರ ಗೊತ್ತಿರುವುದಿಲ್ಲ. ಸೀರೆ ಮಡಿಸಿಟ್ಟು ಹೊರಡುತ್ತಾರೆ.

ಈ ಅಂಗಡಿ ಉಳಿಯಬೇಕು ಅಂತ ನನಗೆ ತುಂಬಾ ಆಸೆ. ನಾನು ಚಿಕ್ಕವಳಿದ್ದಾಗ ಜರಿ ಕೊಳ್ಳುವವನೊಬ್ಬ ನಮ್ಮ ಬೀದಿಗೆ ಬಂದಿದ್ದ. ಅಜ್ಜಿಯ ಎರಡು ಸೀರೆ ತೂಗಿ, ಚೀಲಕ್ಕೆ ತುರುಕಿಕೊಂಡು ಹೋದ. ಸುಟ್ಟು ಬೆಳ್ಳಿ ತೆಗೆಯುತ್ತಾರೆ ಅಂತ ಆಮೇಲೆ ಗೊತ್ತಾಯಿತು. ನೇರಳೆ ಒಡಲು, ಮಾವಿನಕಾಯಿ ಅಂಚು. ಇವತ್ತಿಗೂ ಕಣ್ಣ ಮುಂದಿದೆ.

ಮಲ್ಲೇಶ್ವರದ_ಮಡಿಕೆ:
ಅಕ್ಕಾ, ನಾನು ಇದೇ ಕೆಲಸವನ್ನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ನಿಮ್ಮ ತೊಂದರೆಗೆ ಉತ್ತರ ನಿಮ್ಮ ಮಾತಿನಲ್ಲೇ ಇದೆ. "ಯಾರು ಉಟ್ಟಿದ್ದು" ಅಂತ ಕೇಳಿದಾಗ ಹೇಳುವುದಕ್ಕೆ ಏನಾದರೂ ಇರಬೇಕು.

ಸೀರೆ ತೆಗೆದುಕೊಳ್ಳುವಾಗಲೇ ಕೇಳಿ. ಯಾವಾಗ ಕೊಂಡಿದ್ದು, ಯಾವ ಸಮಾರಂಭಕ್ಕೆ, ಎಷ್ಟು ಸಲ ಉಟ್ಟಿದ್ದು, ಒಗೆದದ್ದು ಎಲ್ಲಿ. ಹೆಸರು ಬೇಡ. "1991, ತಂಗಿಯ ಮದುವೆಗೆ ಕೊಂಡಿದ್ದು, ನಾಲ್ಕೈದು ಸಲ ಉಟ್ಟಿದ್ದು" ಅಂತ ಒಂದು ಚೀಟಿ ಬರೆದು ಸೀರೆಗೆ ಕಟ್ಟಿ. ತೀರಿಕೊಂಡವರ ಸೀರೆಯಾದರೆ ಅದನ್ನೂ ಮುಚ್ಚಿಡಬೇಡಿ. ಕೆಲವರು ಬೇಡ ಅಂತಾರೆ, ಅದು ಅವರ ನಂಬಿಕೆ. ಆದರೆ ಆಮೇಲೆ ಬೇರೆ ಕಡೆಯಿಂದ ಗೊತ್ತಾದರೆ ಅವರ ಇಡೀ ಬಳಗ ನಿಮ್ಮ ಅಂಗಡಿಗೆ ಕಾಲಿಡುವುದಿಲ್ಲ.

ಇನ್ನೊಂದು, ಊನ ನೀವೇ ತೋರಿಸಿ. ಪ್ರತಿ ಸೀರೆಯನ್ನೂ ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡುತ್ತೇನೆ. ಹಳೇ ರೇಷ್ಮೆ ಮೊದಲು ಸೀಳುವುದು ಮಡಿಕೆಯ ಗೆರೆಯಲ್ಲಿ. ಬೆಳಕಿಗೆ ಹಿಡಿದಾಗ ಅಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿದರೂ ಪಕ್ಕದ ಅಂಚಿಗೆ ಹಳದಿ ದಾರ ಕಟ್ಟುತ್ತೇನೆ. ಎಣ್ಣೆ ಕಲೆಗೂ ಹಳದಿ ದಾರ, ಜರಿ ಕಪ್ಪಾಗಿದ್ದರೂ ಹಳದಿ ದಾರ. ಬಂದವರು ದಾರ ಹುಡುಕಿ, ಎಣಿಸಿ, ಬೆಲೆ ನೋಡಿ ತೀರ್ಮಾನ ಮಾಡುತ್ತಾರೆ. ಹೀಗೆ ಶುರು ಮಾಡಿದ ಮೇಲೆ ಸೀರೆ ವಾಪಸ್ ತರುವವರು ಹೆಚ್ಚುಕಮ್ಮಿ ನಿಂತೇಹೋದರು.

ಜರಿ ಅಸಲಿ ಅಂತ ಬಾಯಲ್ಲಿ ಹೇಳಿದರೆ ಸಾಲದು. ಕೆ.ಎಸ್.ಐ.ಸಿ., ಅಂದರೆ ಸರ್ಕಾರದ ರೇಷ್ಮೆ ನಿಗಮದ ಮೈಸೂರು ಸಿಲ್ಕ್ ಸೀರೆಯಾದರೆ, ಅದರಲ್ಲಿ ಕೋಡ್ ನಂಬರ್ ಇದ್ದರೆ ತೋರಿಸಿ, ಬಿಲ್ ಇದ್ದರೆ ಜೊತೆಗಿಡಿ. ಅದರ ಕಾರ್ಖಾನೆ 1912ರಲ್ಲಿ ಶುರುವಾದದ್ದು, ನಿಮ್ಮ ಊರಿನದೇ. ಹೊಸದಕ್ಕೆ ಶೋರೂಂ ಮುಂದೆ ಜನ ಕ್ಯೂ ನಿಲ್ಲುತ್ತಾರೆ. ಚೆನ್ನಾಗಿಟ್ಟ ಹಳೇ ಮೈಸೂರು ಕ್ರೇಪ್ ಸೀರೆ ನಿಮ್ಮಲ್ಲಿ ಸಿಗುತ್ತದೆ ಅಂತ ಗೊತ್ತಾದರೆ ಬಾರದೇ ಇರುತ್ತಾರಾ?

ನುಸಿಗುಳಿಗೆ ಜರಿಗೆ ತಾಗದ ಹಾಗೆ ನೋಡಿಕೊಳ್ಳಿ. ಬಿಳಿ ಪಂಚೆ ಬಟ್ಟೆಯಲ್ಲಿ ಸುತ್ತಿಡಿ, ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಹುಬ್ಬಳ್ಳಿ_ಗಿರಾಕಿ:
ನಾನು ಕೊಳ್ಳುವವಳು, ಆ ಕಡೆಯಿಂದ ಹೇಳುತ್ತೇನೆ ರೀ. ಹಳೇ ಸೀರೆ ಕೊಂಡಾಗ ದೊಡ್ಡ ತಲೆನೋವು ಕುಪ್ಪಸ. ಹಳೇ ಕುಪ್ಪಸ ನಮಗೆ ಆಗುವುದಿಲ್ಲ, ಹೊಂದುವ ಬಟ್ಟೆಗೆ ಊರೆಲ್ಲ ಅಲೆಯಬೇಕು. ನಾನು ಹೋಗುವ ಅಂಗಡಿಯವರು ಪ್ರತಿ ಸೀರೆ ಪಕ್ಕ ಎರಡು ಮೂರು ಖಣದ ತುಂಡು ಇಟ್ಟಿರುತ್ತಾರೆ. ಫಾಲ್ ಬದಲಿಸಿ, ಕುಚ್ಚು ಕಟ್ಟಿಸಿ ಕೊಡುತ್ತಾರೆ. ಸೀರೆ ಕೊಳ್ಳಲು ಒಮ್ಮೆ, ಕುಚ್ಚಿಗೆ ಕೊಡಲು ಒಮ್ಮೆ, ಒಯ್ಯಲು ಒಮ್ಮೆ ಹೋಗುತ್ತೇನೆ. ಪ್ರತಿ ಸಲ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಇಳಕಲ್ ಬಂದರೆ ಸೆರಗು ಒಡಲಿಗೆ ಸೇರುವ ಕೊಂಡಿಯನ್ನು ಮೊದಲು ನೋಡಿ, ಸಡಿಲವಾಗಿದ್ದರೆ ಅದನ್ನು ಹೇಳಿಬಿಡಿ.

ನ್ಯೂಜೆರ್ಸಿ_ಕನ್ನಡತಿ:
ಇಲ್ಲಿ ಹಳೇ ಸಾಮಾನಿನ ಅಂಗಡಿಗಳಲ್ಲಿ ಬಂದ ವಾರಕ್ಕೊಂದು ಬಣ್ಣದ ಚೀಟಿ ಹಚ್ಚುವುದನ್ನು ನೋಡಿದ್ದೇನೆ. ದಿನ ಕಳೆದ ಹಾಗೆ ಆ ಬಣ್ಣದ ಬೆಲೆ ಇಳಿಯುತ್ತದೆ. ಇವತ್ತು ಯಾವ ಬಣ್ಣ ಅಂತ ನೋಡಲಿಕ್ಕೇ ಹೋಗುತ್ತೇನೆ. ನಿಮ್ಮಲ್ಲಿ 140 ಸೀರೆ ತಿಂಗಳುಗಟ್ಟಲೆ ಅದೇ ಜಾಗದಲ್ಲಿದ್ದರೆ ಎರಡನೇ ಸಲ ಬಂದವರಿಗೆ ನೋಡಲು ಏನಿದೆ? ಮೂರು ತಿಂಗಳಲ್ಲಿ ಹೋಗದ್ದನ್ನು ವಾಪಸ್ ಕೊಡಿ.

ಮಲ್ಲೇಶ್ವರದ_ಮಡಿಕೆ:
ಹೌದು, ಅದು ಬಹಳ ಮುಖ್ಯ. ಒಂದು ಸೇರಿಸುತ್ತೇನೆ. ಸೀರೆ ಕೊಟ್ಟವರ ದುಡ್ಡನ್ನು ಪ್ರತಿ ತಿಂಗಳು 5ನೇ ತಾರೀಖು ಅವರು ಕೇಳುವ ಮೊದಲೇ ಕಳಿಸಿ. ನನ್ನ ಹತ್ತಿರ ಕೊಳ್ಳುವವರಲ್ಲಿ ಅರ್ಧದಷ್ಟು ಜನ ಸೀರೆ ಕೊಟ್ಟವರೇ. ಬಂದ ದುಡ್ಡಿಗೆ ಇನ್ನೊಂದು ತೆಗೆದುಕೊಳ್ಳುತ್ತಾರೆ, ವರಮಹಾಲಕ್ಷ್ಮಿ ಹತ್ತಿರ ಬಂದಾಗಲಂತೂ ಇನ್ನೂ ಜಾಸ್ತಿ.

ಸೆರಗು_ಮೈಸೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ದುಡ್ಡು ಕೊಡುವುದನ್ನು ಎರಡೆರಡು ತಿಂಗಳು ತಡ ಮಾಡಿದ್ದೂ ಇದೆ, ಇವತ್ತೇ ಎಲ್ಲರ ಲೆಕ್ಕ ತೀರಿಸಿದೆ. ಒಂದು ಗಿಳಿಹಸಿರು ಸೀರೆ ಕೊಟ್ಟವರಿಗೆ ಫೋನ್ ಮಾಡಿ ಕೇಳಿದೆ. ಮೊದಲ ಸಂಬಳದಲ್ಲಿ ಕೊಂಡಿದ್ದಂತೆ, 1994ರಲ್ಲಿ. ಇಪ್ಪತ್ತು ನಿಮಿಷ ಮಾತಾಡಿದರು. ಚೀಟಿ ಬರೆದು ಕಟ್ಟಿದೆ, ಒಂದು ಹಳದಿ ದಾರವನ್ನೂ ಕಟ್ಟಿದೆ. ಇನ್ನು 139 ಇವೆ. ಬೆಲೆ ಇಳಿಸುವ ಮಾತನ್ನು ಮೊದಲೇ ಸೀರೆ ಕೊಟ್ಟಿರುವವರಿಗೆ ಈಗ ಹೇಗೆ ಹೇಳುವುದು, ಅಕ್ಕಾ?