ಪದಚರ್ಚೆ: ‘ರಿಜಿಸ್ಟರ್ಡ್ ಪ್ರೊಫೆಷನಲ್ ಫಾರೆಸ್ಟರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಬಿಎಸ್ಸಿ ಫಾರೆಸ್ಟ್ರಿ ಓದುವ ನಮ್ಮ ಹುಡುಗ ಹುಡುಗಿಯರಿಗಾಗಿ ಹೊರದೇಶದ ಅರಣ್ಯ ಕೆಲಸಗಳ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಈ ಹೆಸರಿಗೆ ಬಂದು ನಿಂತಿದ್ದೇನೆ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅಲ್ಲಿ 1972ರಲ್ಲಿ ಫಾರೆಸ್ಟರುಗಳಿಗಾಗಿಯೇ ಒಂದು ಕಾನೂನು ಬಂತು. ಖಾಸಗಿ ಕಾಡಿನ ಮಾಲೀಕರು ಮರ ಕಡಿಸಿ ಮಾರಬೇಕಾದರೆ ಸಾಮಾನ್ಯವಾಗಿ ಕಟಾವು ಯೋಜನೆಯನ್ನು ಸರ್ಕಾರಕ್ಕೆ ಕೊಡಬೇಕು. ಅದನ್ನು ಬರೆದು ಸಹಿ ಹಾಕುವವರು ಇವರು. ಹಳ್ಳದ ದಂಡೆಯಲ್ಲಿ ಎಷ್ಟು ಮರ ಕಡಿಯದೆ ಬಿಡಬೇಕು, ಲಾರಿ ದಾರಿ ಎಲ್ಲಿ ಹಾಯಬೇಕು, ಎಲ್ಲ ಇವರ ಹೊಣೆ. ಕಡಿಯಬೇಕಾದ ಮರಕ್ಕೆ ಬಣ್ಣ ಹಚ್ಚುವಾಗ ಕಾಂಡದ ಮೇಲೊಂದು ಗುರುತು, ಗರಗಸ ಬೀಳುವ ಜಾಗಕ್ಕಿಂತ ಕೆಳಗೆ ಬುಡದಲ್ಲಿ ಇನ್ನೊಂದು. ಮರ ಹೋದ ಮೇಲೂ ಬೊಡ್ಡೆ ನೋಡಿ ಸರಿಯಾದ ಮರವನ್ನೇ ಕಡಿದಿದ್ದಾರಾ ಅಂತ ಹೇಳಬಹುದು.

ಇದಕ್ಕೆ 7 ವರ್ಷದ ಅನುಭವ ಬೇಕು. ಫಾರೆಸ್ಟ್ರಿ ಪದವಿ ಇದ್ದರೆ ಅದರಲ್ಲಿ 4 ವರ್ಷ ಜಮೆ. ಆಮೇಲೆ ಪರೀಕ್ಷೆ ಪಾಸಾಗಬೇಕು. ಸರ್ಕಾರಿ ನೌಕರಿಯಲ್ಲೇ ಇರಬೇಕೆಂದೇನಿಲ್ಲ. ನಮ್ಮಲ್ಲಿ ಸಿಎ ಇದ್ದ ಹಾಗೆ: ಫೀಸು ಕೊಡುವವರು ಖಾಸಗಿಯವರು, ಸಹಿಗೆ ತೂಕ ಕೊಡುವುದು ಕಾನೂನು.

ನನಗೆ ತೊಡಕಾಗಿರುವುದು ಇಲ್ಲೇ. ‘ಅರಣ್ಯಾಧಿಕಾರಿ’ ಅಂದರೆ ಓದುವವರಿಗೆ ಖಾಕಿ, ಜೀಪು, ಇಲಾಖೆ ನೆನಪಾಗುತ್ತದೆ. ‘ಅರಣ್ಯ ಪಾಲಕ’ ಆಗಲೇ ನಮ್ಮಲ್ಲಿ ಗಾರ್ಡ್ ಹುದ್ದೆಯ ಹೆಸರು. ಮಲೆನಾಡಿನಲ್ಲಿ ‘ಫಾರೆಸ್ಟರು ಬಂದರು’ ಅಂದರೂ ರೇಂಜರ್ ಕೈಕೆಳಗಿನವರು ಅಂತಲೇ ಅರ್ಥ. ಕಾಗದದಲ್ಲಿ ಈಗ ಅವರು ಉಪ ವಲಯ ಅರಣ್ಯಾಧಿಕಾರಿ. ‘ಅರಣ್ಯಶಾಸ್ತ್ರಜ್ಞ’ ಅಂದರೆ ಸಂಶೋಧನೆ ಮಾಡುವವರು ಅನಿಸುತ್ತದೆ. ‘ಅರಣ್ಯ ತಜ್ಞ’ ಅಂತೂ ತೀರಾ ಸಡಿಲ, ಟಿವಿ ಚರ್ಚೆಗೆ ಬಂದವರನ್ನೂ ಹಾಗೇ ಕರೆಯುತ್ತಾರೆ.

‘ಪರವಾನಗಿ’ ಪದವೂ ಇಲ್ಲಿ ಬೇಡ ಅಂತ ನನಗೆ ಬಲವಾಗಿ ಅನಿಸುತ್ತದೆ. ಕಾಡಿನ ಮಾತಲ್ಲಿ ಪರವಾನಗಿ ಅಂದರೆ ಮರ ಕಡಿಯಲು, ಸಾಗಿಸಲು ಸಿಗುವ ಕಾಗದ. ‘ಪರವಾನಗಿ ಪಡೆದ’ ಅಂತ ಶುರು ಮಾಡಿದರೆ ನಾಟಾ ಕಂಟ್ರಾಕ್ಟರ್ ಅನ್ನಿಸಿಬಿಡುತ್ತದೆ, ಅಲ್ವಾ? ‘ನೋಂದಾಯಿತ’ ವಾಸಿ. ಅಲ್ಲಿನ ಕಾನೂನಿನ ಪದಕ್ಕೂ ಅದೇ ಹತ್ತಿರ.

ತೋಟಕ್ಕೆ ತೋಟಗಾರಿಕೆ ಇದೆ. ಕಾಡಿಗೆ ಮಾತ್ರ ಹಾಗೊಂದು ಪದ ನೆಲೆ ನಿಂತಿಲ್ಲ. ‘ಸಾಮಾಜಿಕ ಅರಣ್ಯ’, ‘ಕೃಷಿ ಅರಣ್ಯ’ ಅಂತ ಕಾಡಿನ ಹೆಸರನ್ನೇ ವಿದ್ಯೆಗೂ ಇಟ್ಟುಕೊಂಡು ಬಂದಿದ್ದೇವೆ. ಹಾಗಾಗಿ ಆ ವಿದ್ಯೆಯಿಂದ ಬದುಕುವವರಿಗೂ ಹೆಸರಿಲ್ಲ.

ಸದ್ಯಕ್ಕೆ ‘ನೋಂದಾಯಿತ ಅರಣ್ಯ ವೃತ್ತಿಜ್ಞ’ ಅಂತ ಬರೆದಿಟ್ಟಿದ್ದೇನೆ. ಸ್ವಲ್ಪ ಬಿಗಿ ಅನಿಸುತ್ತಿದೆ. ಸುಮ್ನೆ ‘ನೋಂದಾಯಿತ ಫಾರೆಸ್ಟರ್’ ಅಂತಲೇ ಬಿಟ್ಟು, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಡಲಾ? ಶಿರಸಿ, ಪೊನ್ನಂಪೇಟೆ ಅರಣ್ಯ ಕಾಲೇಜುಗಳಲ್ಲಿ ಓದಿದವರು, ಪಾಠ ಹೇಳಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಇಲಾಖೆ ಸೇರದೆ ಇದೇ ಕೆಲಸ ಮಾಡುವವರನ್ನು ನೀವು ಮಾತಿನಲ್ಲಿ ಏನಂತ ಕರೆಯುತ್ತೀರಿ?